ಭೂಸಂಪರ್ಕ: ಒಂದು ಹೆಸರು, ಎರಡು ಕಾರ್ಯ

ವ್ಯಾಕರಣ ಹೇಳುವವನಿಗೆ ಯಂತ್ರಗಳ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ಶಿವಾಜಿನಗರದಲ್ಲಿ ಯಂತ್ರ ನಿಯಂತ್ರಕಗಳ ದುರಸ್ತಿಯನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾರೆ. ಕಳೆದ ವರ್ಷ ಅವರನ್ನು ಕಾಣಹೋದಾಗ ರಸೆಲ್ ಮಾರುಕಟ್ಟೆಯ ಸಮೀಪದ ಶೀತಲಗೃಹವೊಂದಕ್ಕೆ ನನ್ನನ್ನೂ ಕರೆದೊಯ್ದರು. 1927ರಲ್ಲಿ ಕಟ್ಟಿದ ಆ ಮಾರುಕಟ್ಟೆಯಲ್ಲಿ ಹೂ, ಹಣ್ಣು, ಮೀನುಗಳ ವ್ಯಾಪಾರ. ಶೈತ್ಯ ತಪ್ಪಿದರೆ ಸರಕು ಕೆಡಲು ಒಂದು ರಾತ್ರಿ ಸಾಕು.

ಕೊಠಡಿಯ ಉಷ್ಣತೆಯನ್ನಳೆಯುವ ಉಪಕರಣ ಒಂದು ಕಡೆ, ಕಂಪ್ರೆಸರನ್ನು ನಡೆಸುವ ನಿಯಂತ್ರಕ ದೂರದಲ್ಲಿ ಮತ್ತೊಂದು ಕಡೆ. ನಡುವೆ ಸಂದೇಶ ಒಯ್ಯುವ ಕೇಬಲ್. ಕಂಪ್ರೆಸರ್ ಹೊರಟೊಡನೆ ಸಂದೇಶ ಕಡಿದುಹೋಗುತ್ತಿತ್ತು. ಹಿಂದೆ ಬಂದ ಕಾರಿಗರನೊಬ್ಬ ನಿಯಂತ್ರಕದ ಅರ್ತಿಂಗ್ ತಂತಿಯನ್ನು ಕಿತ್ತುಬಿಟ್ಟ. ಸಂದೇಶ ಸರಾಗವಾಯಿತು, ಮಾಲೀಕರೂ ಸಂತುಷ್ಟರಾದರು. ಕೆಲವು ದಿನಗಳ ಮೇಲೆ ಒದ್ದೆ ನೆಲದಲ್ಲಿ ನಿಂತು ಆ ಪೆಟ್ಟಿಗೆಯನ್ನು ಮುಟ್ಟಿದ ಕೂಲಿಯಾಳಿಗೆ ಷಾಕ್ ಹೊಡೆಯಿತು. ಪುಣ್ಯವಶಾತ್ ಬದುಕಿಕೊಂಡ.

'ಅರ್ತಿಂಗ್' ಎಂಬುದಕ್ಕೂ 'ಅರ್ಥ'ಕ್ಕೂ ನಂಟುಂಟೆಂದು ನಾನು ಬಹುಕಾಲ ಭ್ರಮಿಸಿದ್ದೆ! ಭೂಮಿಯೊಡನೆ ಕೂಡಿಸುವುದೆಂದೇ ಅದರ ಅರ್ಥ. ಆದರೆ ಈ ಒಂದೇ ಹೆಸರಿನಲ್ಲಿ ಎರಡು ಕಾರ್ಯಗಳು ಅಡಗಿವೆ. ಮೊದಲನೆಯದು ಪ್ರಾಣರಕ್ಷಣೆ: ವಿದ್ಯುತ್ತಿನ ತಂತಿ ಲೋಹದ ಪೆಟ್ಟಿಗೆಗೆ ತಗುಲಿದರೆ ಪ್ರವಾಹವು ಭೂಸಂಪರ್ಕದ ತಂತಿಯಲ್ಲಿ ಧಾರಾಳವಾಗಿ ಹರಿದು ಫ್ಯೂಸು ಕಡಿಯಬೇಕು. ಎರಡನೆಯದು ಸಂದೇಶಕ್ಕೆ ಆಧಾರ: ವೋಲ್ಟೇಜನ್ನು ಎಲ್ಲಿಂದ ಅಳೆಯಬೇಕೆಂಬುದಕ್ಕೆ ಒಂದು ಹೊಸ್ತಿಲು. ಎರಡು ಮನೆಗಳ ಹೊಸ್ತಿಲು ಸಮಮಟ್ಟದಲ್ಲಿಲ್ಲದಿದ್ದರೆ ಅಳತೆ ಹೊಂದುವುದೆಂತು?

ಆರ್‌ಎಸ್-485 ಎಂಬ ಪದ್ಧತಿ 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಎರಡು ತಂತಿಗಳ ನಡುವಣ ವ್ಯತ್ಯಾಸವೇ ಸಂದೇಶ. ಆದುದರಿಂದ ಮಟ್ಟದ ಏರುಪೇರನ್ನು ಅದು ಸಹಿಸುತ್ತದೆ, ಆದರೆ −7ರಿಂದ +12 ವೋಲ್ಟುಗಳ ಮೇರೆಯೊಳಗೆ ಮಾತ್ರ. ಅಲ್ಲಿ ಕೇಬಲ್ಲಿನ ಲೋಹದ ಕವಚವನ್ನು ಎರಡು ತುದಿಗಳಲ್ಲಿಯೂ ಭೂಮಿಗೆ ಕಟ್ಟಿದ್ದರು. ಮೋಟಾರು ಹೊರಟಾಗ ಎರಡು ತುದಿಗಳ ನೆಲದ ಮಟ್ಟ ಬೇರೆಬೇರೆಯಾಗಿ, ಬೇಡದ ಪ್ರವಾಹವು ಕವಚದ ದಾರಿ ಹಿಡಿಯುತ್ತಿತ್ತು. ಕಾರಿಗರ ಆ ಬಳಸುದಾರಿಯನ್ನು ಕಡಿದದ್ದು ನಿಜ. ಕಡಿಯಬಾರದ ಕಡೆ ಕಡಿದ.

ನಮ್ಮ ವಿದ್ಯಾರ್ಥಿಯು ವಿದ್ಯುತ್ತನ್ನು ನಿಲ್ಲಿಸಿ, ಮೊದಲು ಹಸಿರು ತಂತಿಯನ್ನು ಮರಳಿ ಬಿಗಿದರು. ಬಳಿಕ ಮೋಟಾರನ್ನು ನಡೆಸಿ ಎರಡು ತುದಿಗಳ ನೆಲದ ನಡುವೆ ಮೀಟರು ಹಿಡಿದರು. ಈ ಅಳತೆಯಿಲ್ಲದೆ ಮಾಡಿದ ದುರಸ್ತಿ ಬರಿಯ ಊಹೆಯೆಂದು ಅವರ ಮತ. ಸಂದೇಶದ ಕೇಬಲ್ಲಿನ ಕವಚವನ್ನು ನಿಯಂತ್ರಕದ ಕಡೆ ಮಾತ್ರ ಉಳಿಸಿದರು. ವೇಗವನ್ನು ಏರಿಳಿಸುವ ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ಲಿಗೆ ಈ ನಿಯಮ ಸಲ್ಲದು. ಅದರ ಕವಚವನ್ನು ಎರಡೂ ಕಡೆ ಕಟ್ಟಬೇಕು. ಮಟ್ಟದ ಅಂತರ ಇನ್ನೂ ಉಳಿದಿದ್ದುದರಿಂದ, ಸಂದೇಶವನ್ನು ಬೆಳಕಿನ ಮೂಲಕ ದಾಟಿಸಿ ತಂತಿಯ ನಂಟನ್ನು ಬಿಡಿಸುವ ಐಸೊಲೇಟರನ್ನು ನಡುವೆ ಇಟ್ಟರು. ಕೇಬಲ್ಲನ್ನು ಮೋಟಾರಿನ ತಂತಿಗಳ ಸಾಲಿನಿಂದ ದೂರ ಸರಿಸಿ, ಎರಡು ತುದಿಗಳಲ್ಲಿಯೂ 120 ಓಮಿನ ರೋಧಕಗಳಿರುವುದನ್ನು ನೋಡಿಕೊಂಡರು.

ಕಂಪ್ರೆಸರ್ ಹತ್ತಾರು ಸಲ ಹೊರಟಿತು, ನಿಂತಿತು, ಸಂದೇಶ ಕಡಿಯಲಿಲ್ಲ. ಷಾಕ್ ಹೊಡೆಸಿಕೊಂಡಿದ್ದ ಆ ಕೂಲಿಯಾಳು ಮಾತ್ರ ಬಾಗಿಲಿನಾಚೆಯೇ ನಿಂತಿದ್ದ. ಪೆಟ್ಟಿಗೆಯನ್ನು ನಾನೇ ಮುಟ್ಟಿ ತೋರಿಸಿದರೂ ಒಳಗೆ ಬರಲಿಲ್ಲ.