ಹೊಸ ಆಟಗಾರನಿಗೆ ಯಾವ ಮೇಜು?

ಟೆಕ್ಸಸ್ ಹೋಲ್ಡ್‌ಎಮ್ ಪೋಕರ್‌ನ ನಿಯಮಗಳನ್ನು ರಮ್ಮಿ ಬಲ್ಲವರು ಅರ್ಧ ಗಂಟೆಯಲ್ಲಿ ಕಲಿತುಬಿಡಬಹುದು. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಅತ್ಯುತ್ತಮ ಐದನ್ನು ಕೂಡಿಸಿಕೊಂಡವರಿಗೆ ಪಣ. ಎದುರಾಳಿಗಳೆಲ್ಲ ಹೆದರಿ ಫೋಲ್ಡ್ ಮಾಡಿದರೆ, ಅಂದರೆ ಎಲೆ ಕೆಳಗಿಟ್ಟು ಹಿಂದೆ ಸರಿದರೆ, ಕೈಯಲ್ಲಿ ಏನೂ ಇಲ್ಲದವರಿಗೂ ಪಣ. ತೊಡಕು ಶುರುವಾಗುವುದು ಪೋಕರ್ ಆ್ಯಪ್ ತೆರೆದ ಮೇಲೆ. ಲಾಬಿ ಎನ್ನುವ ಮೊದಲ ಪರದೆಯಲ್ಲೇ ಕ್ಯಾಶ್ ಗೇಮ್, ಟೂರ್ನಮೆಂಟ್, ಸಿಟ್ ಅಂಡ್ ಗೋ, ಸ್ಪಿನ್, ಫಾಸ್ಟ್ ಫೋಲ್ಡ್, ಒಮಾಹಾ ಎಂದು ಸಾಲುಸಾಲು ಹೆಸರುಗಳು. ಹೊಸಬರ ಬೆರಳು ಹೋಗುವುದು ಸಾಮಾನ್ಯವಾಗಿ ದೊಡ್ಡ ಬಹುಮಾನ ಮಿನುಗುವ ಕಡೆಗೆ.

ಅದೃಷ್ಟದ ಪಾಲೆಷ್ಟು, ಸೋಲು ಬರುವ ವೇಗವೆಷ್ಟು, ಯೋಚಿಸಲು ಸಿಗುವ ಪುರುಸೊತ್ತೆಷ್ಟು ಎಂಬುದೆಲ್ಲ ಈ ಆಯ್ಕೆಯಲ್ಲೇ ತೀರ್ಮಾನವಾಗುತ್ತದೆ.

ಒಂದು ಲೆಕ್ಕ ನೋಡಿ. ಹೋಲ್ಡ್‌ಎಮ್‌ನಲ್ಲಿ ಎರಡು ಎಕ್ಕ ಸಿಕ್ಕರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಸರಾಸರಿ 221 ಸಲಕ್ಕೊಮ್ಮೆ ಬರುವ ಜೋಡಿ ಅದು. ಎದುರಿಗೆ ಎರಡು ರಾಜ ಹಿಡಿದವರಿದ್ದು, ಇಬ್ಬರೂ ಇದ್ದಬದ್ದ ಚಿಪ್‌ಗಳನ್ನೆಲ್ಲ ಮುಂದೆ ತಳ್ಳಿದರೆ ಎಕ್ಕದ ಜೋಡಿ ಗೆಲ್ಲುವ ಸಾಧ್ಯತೆ ಸುಮಾರು ಶೇ 82. ಆದರೆ ಇಂಥ ಐದು ಪಂದ್ಯಗಳನ್ನು ಸತತವಾಗಿ ಗೆಲ್ಲುವ ಸಾಧ್ಯತೆ ಶೇ 37 ಮಾತ್ರ. ಕ್ಯಾಶ್ ಗೇಮ್‌ನಲ್ಲಿ ಒಂದು ಸೋತರೆ ಮತ್ತೆ ಚಿಪ್ ಕೊಂಡು ಕೂರಬಹುದು, ಅದೃಷ್ಟ ಸಾವಿರಾರು ಕೈಗಳಲ್ಲಿ ಹಂಚಿಹೋಗುತ್ತದೆ. ಟೂರ್ನಮೆಂಟ್‌ನಲ್ಲಿ ಒಂದೇ ಸೋಲಿಗೆ ಮನೆಗೆ ನಡೆಯಬೇಕಾಗಬಹುದು.

ಟೂರ್ನಮೆಂಟ್‌ಗೆ ಜಗತ್ತು ಮರುಳಾದದ್ದು 2003ರಲ್ಲಿ. ಅಮೆರಿಕದ ಟೆನೆಸಿ ರಾಜ್ಯದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ 86 ಡಾಲರ್ ಕೊಟ್ಟು ಆನ್‌ಲೈನ್ ಸ್ಯಾಟಲೈಟ್ ಪಂದ್ಯವೊಂದಕ್ಕೆ ಸೇರಿದರು. ಹಣದ ಬದಲು ದೊಡ್ಡ ಟೂರ್ನಿಯ ಪ್ರವೇಶವನ್ನೇ ಬಹುಮಾನವಾಗಿ ಕೊಡುವ ಪಂದ್ಯ ಅದು. ಹಾಗೆ ಅವರಿಗೆ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ, ಅಂದರೆ 10,000 ಡಾಲರ್ ಶುಲ್ಕದ ಪಂದ್ಯಕ್ಕೆ ಜಾಗ ಸಿಕ್ಕಿತು. 839 ಆಟಗಾರರ ಪೈಕಿ ಕೊನೆಗೆ ಉಳಿದ ಇಬ್ಬರಲ್ಲಿ ಅವರೂ ಒಬ್ಬರು. ಪಳಗಿದ ವೃತ್ತಿಪರ ಸ್ಯಾಮ್ ಫರ್ಹಾ ಅವರನ್ನು ಸೋಲಿಸಿ 25 ಲಕ್ಷ ಡಾಲರ್ ಗೆದ್ದರು. ಮರುವರ್ಷ ಅದೇ ಪಂದ್ಯಕ್ಕೆ 2,576 ಮಂದಿ ಬಂದರು, 2006ರಲ್ಲಿ 8,773.

ಆ ಸಂಖ್ಯೆಗಳಲ್ಲೇ ಹೊಸಬರು ಗಮನಿಸದ ಸಂಗತಿಯೂ ಇದೆ. 8,773 ಮಂದಿಯಲ್ಲಿ ಗೆದ್ದವರು ಒಬ್ಬರು. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಬಹುಪಾಲು ಆಟಗಾರರು ಬರಿಗೈಯಲ್ಲಿ ಏಳುತ್ತಾರೆ. ಗಂಟೆಗಟ್ಟಲೆ ಕೂತು, ಬಹುಮಾನದ ಗೆರೆಯ ಹೊಸ್ತಿಲಲ್ಲಿ ಹೊರಬಿದ್ದವರಿಗೂ ಏನೂ ಇಲ್ಲ. ಎಡವಿದ್ದು ಆಟದಲ್ಲೋ ಅದೃಷ್ಟದಲ್ಲೋ ಎಂದು ತಿಳಿಯುವಷ್ಟು ಅನುಭವ ಒಂದೆರಡು ಟೂರ್ನಿಗಳಲ್ಲಿ ಬರುವುದಿಲ್ಲ.

ಕ್ಯಾಶ್ ಗೇಮ್ ಇದಕ್ಕೆ ತದ್ವಿರುದ್ಧ. ಯಾವಾಗ ಬೇಕಾದರೂ ಕೂರಬಹುದು, ಯಾವಾಗ ಬೇಕಾದರೂ ಏಳಬಹುದು. ಒಂದು–ಎರಡು ಡಾಲರ್ ಬ್ಲೈಂಡ್‌ನ ಮೇಜಿಗೆ ಸಾಮಾನ್ಯವಾಗಿ 200 ಡಾಲರ್ ತಂದು ಕೂರುತ್ತಾರೆ. ಬ್ಲೈಂಡ್ ಎಂದರೆ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಹಣ. ಇಲ್ಲಿ ಅದು ಟೂರ್ನಿಗಳಲ್ಲಿನಂತೆ ಏರುತ್ತಾ ಹೋಗುವುದಿಲ್ಲವಾದ್ದರಿಂದ ಒಳ್ಳೆಯ ಎಲೆಗಾಗಿ ಕಾಯಲು ಅವಕಾಶವಿದೆ. ಅಪಾಯ ಇರುವುದೂ ಇಲ್ಲೇ: ಆಟಕ್ಕೆ ಕೊನೆ ಎಂಬುದಿಲ್ಲ. ಸೋತವರು ಮತ್ತೆ ದುಡ್ಡು ತುಂಬುತ್ತಾ ಹೋಗಬಹುದು. ಯಾರು ಗೆದ್ದರೂ ಪಣದಿಂದ ರೇಕ್ ಎಂಬ ಕಮಿಷನ್ ಅನ್ನು ಮೇಜಿನ ಯಜಮಾನರು ಕತ್ತರಿಸಿಕೊಳ್ಳುತ್ತಲೇ ಇರುತ್ತಾರೆ.

ಕಾಯುವ ಬೇಸರವನ್ನೂ ಕಂಪನಿಗಳು ತೆಗೆದುಹಾಕಿದವು. 2010ರಲ್ಲಿ ಫುಲ್ ಟಿಲ್ಟ್ ‘ರಶ್ ಪೋಕರ್’ ತಂದಿತು, 2012ರಲ್ಲಿ ಪೋಕರ್‌ಸ್ಟಾರ್ಸ್ ‘ಝೂಮ್’ ತಂದಿತು. ಫೋಲ್ಡ್ ಒತ್ತಿದ ಕ್ಷಣವೇ ಬೇರೆ ಮೇಜು, ಬೇರೆ ಮುಖಗಳು, ಹೊಸ ಎಲೆ. ಕ್ಯಾಸಿನೊದಲ್ಲಿ ಗಂಟೆಗೆ ಮೂವತ್ತರ ಆಸುಪಾಸು ಕೈಗಳು ಹಂಚಿಕೆಯಾದರೆ ಇಲ್ಲಿ ಇನ್ನೂರು ದಾಟಬಹುದು. ಅದೇ ತಪ್ಪನ್ನು ಆರೇಳು ಪಟ್ಟು ವೇಗದಲ್ಲಿ ಮಾಡಲು ಇಲ್ಲಿ ಅನುಕೂಲವಿದೆ. ಎದುರಾಳಿಯ ವರಸೆ ಗಮನಿಸುವ ಅಭ್ಯಾಸಕ್ಕೆ ಮಾತ್ರ ಎಡೆಯೇ ಇಲ್ಲ.

2014ರಲ್ಲಿ ಬಂದ ‘ಸ್ಪಿನ್ ಅಂಡ್ ಗೋ’ ಇನ್ನೂ ಆಕರ್ಷಕ. ಮೂವರೇ ಆಟಗಾರರು, ಬಹುಮಾನದ ಮೊತ್ತವನ್ನು ಎಲೆ ಹಂಚುವ ಮೊದಲು ಚಕ್ರ ತಿರುಗಿಸಿ ನಿರ್ಧರಿಸಲಾಗುತ್ತದೆ. ತಲಾ 10 ಡಾಲರ್‌ನಂತೆ 30 ಡಾಲರ್ ಕೂಡಿದರೂ ಹೆಚ್ಚಿನ ಸಲ ಬಹುಮಾನ 20 ಡಾಲರ್ ಮಾತ್ರ. ಉಳಿದದ್ದರಲ್ಲಿ ಕಂಪನಿಯ ಪಾಲು ಕಳೆದು ಮಿಕ್ಕದ್ದು ಎಲ್ಲೋ ಯಾರಿಗೋ ಬೀಳುವ ಭಾರಿ ಬಹುಮಾನಕ್ಕೆ ಹೋಗುತ್ತದೆ. ಪೋಕರ್‌ಗೆ ಲಾಟರಿ ಅಂಟಿಕೊಂಡ ಆಟ ಇದು.

ಒಮಾಹಾ ಮೇಜಿನ ಸಮಸ್ಯೆ ಬೇರೆ ತರಹದ್ದು. ಕೈಗೆ ನಾಲ್ಕು ಎಲೆ ಬರುತ್ತವೆ, ಆದರೆ ಅವುಗಳಲ್ಲಿ ಎರಡನ್ನು ಬಳಸಲೇಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೇಜಿನ ಮೇಲೆ ನಾಲ್ಕು ಆಠೀನ್ ಬಿದ್ದಿದ್ದು ಕೈಯಲ್ಲಿ ಆಠೀನ್ ಎಕ್ಕ ಒಂದೇ ಇದ್ದರೆ ಹೋಲ್ಡ್‌ಎಮ್ ಕಲಿತವರು ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಯಿತೆಂದು ಹಿಗ್ಗುತ್ತಾರೆ. ಒಮಾಹಾದಲ್ಲಿ ಅದು ಫ್ಲಶ್ ಅಲ್ಲ. ಹೋಲ್ಡ್‌ಎಮ್‌ನಲ್ಲಿ ಆರಂಭದ ಎಲೆಗಳ ಜೋಡಣೆ 1,326 ಬಗೆ, ಒಮಾಹಾದಲ್ಲಿ 2,70,725.

ಇನ್ನುಳಿದದ್ದು ಸಿಟ್ ಅಂಡ್ ಗೋ. ಒಂಬತ್ತು ಕುರ್ಚಿ ತುಂಬಿದ ಕೂಡಲೇ ಶುರುವಾಗುವ ಪುಟ್ಟ ಟೂರ್ನಿ. ತಲಾ 10 ಡಾಲರ್ ಬಹುಮಾನಕ್ಕೆ ಹೋದರೆ ಹಳೆಯ ಪದ್ಧತಿಯಂತೆ ಮೊದಲ ಮೂವರಿಗೆ 45, 27, 18 ಡಾಲರ್. ಎಷ್ಟೇ ಸೋತರೂ ಕಟ್ಟಿದ್ದಕ್ಕಿಂತ ಹೆಚ್ಚು ಹೋಗುವುದಿಲ್ಲ. ಮೊದಲಿಗೆ ಮೇಜಿನ ತುಂಬ ಜನ, ಕ್ಯಾಶ್ ಗೇಮ್‌ನಂತೆ ತಾಳ್ಮೆಯ ಆಟ. ಬ್ಲೈಂಡ್ ಏರಿದಂತೆ ಧೈರ್ಯದ ಆಟ. ನಾಲ್ವರು ಉಳಿದಾಗ ಇಬ್ಬರು ಚಿಪ್‌ಗಳನ್ನೆಲ್ಲ ಪಣಕ್ಕಿಟ್ಟರೆ, ಎಕ್ಕ–ರಾಜ ಹಿಡಿದ ಮೂರನೆಯವರು ಫೋಲ್ಡ್ ಮಾಡುವುದೇ ಎಷ್ಟೋ ಸಲ ಜಾಣತನ. ಯಾಕೆಂದರೆ ಆ ಇಬ್ಬರಲ್ಲಿ ಒಬ್ಬರು ಹೊರಬಿದ್ದರೆ ಸುಮ್ಮನೆ ಕೂತವರಿಗೂ ಬಹುಮಾನ ಖಾತ್ರಿ. ಪೋಕರ್‌ನ ಮುಖ್ಯ ಪಾಠಗಳೆಲ್ಲ ಒಮ್ಮೆ ಕೂತಾಗಲೇ ಎದುರಾಗುತ್ತವೆ.

ಇಷ್ಟು ಹೇಳಿದ ಮೇಲೆ ಕಾನೂನಿನ ಮಾತು. ಬೆಟ್ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಹಳೆಯ ವಾದವನ್ನೇ 2025ರ ಕೇಂದ್ರ ಕಾಯ್ದೆ ಬದಿಗಿಟ್ಟಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆಯ ಪ್ರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಆದರೂ ನಿಷಿದ್ಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ದೇಶದ ಪ್ರಮುಖ ಪೋಕರ್ ಆ್ಯಪ್‌ಗಳು ಹಣದ ಮೇಜುಗಳನ್ನು ಮುಚ್ಚಿದವು, ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಸೇರಿದವು. ಪರವಾನಗಿ ಪಡೆದ ಹಣದ ಆನ್‌ಲೈನ್ ಪೋಕರ್ ಸಿಗುವುದು ನ್ಯೂಜೆರ್ಸಿಯಂಥ ಕಡೆ ನೆಲೆಸಿದ ಕನ್ನಡಿಗರಿಗೆ ಮಾತ್ರ. ಇಲ್ಲಿರುವವರಿಗೆ ಉಳಿದದ್ದು ಪುಕ್ಕಟೆ ಚಿಪ್‌ಗಳ ಆಟ.

ಪುಕ್ಕಟೆ ಚಿಪ್ ಬಂದರೆ ಲಾಬಿಯ ಲೆಕ್ಕಾಚಾರವೂ ಬದಲಾಗುತ್ತದೆ. ಉಚಿತ ಕ್ಯಾಶ್ ಮೇಜಿನಲ್ಲಿ ಯಾರೂ ಫೋಲ್ಡ್ ಮಾಡುವುದಿಲ್ಲ. ಖಾಲಿಯಾದರೆ ಮತ್ತೆ ಚಿಪ್ ಸಿಗುತ್ತದಲ್ಲ. ಅಲ್ಲಿ ಬ್ಲಫ್ ಮಾಡಿ ಯಾರನ್ನೂ ಹೆದರಿಸಲಾಗದು. ಉಚಿತ ಸಿಟ್ ಅಂಡ್ ಗೋದಲ್ಲಿ ಹಾಗಲ್ಲ. ಚಿಪ್ ಮುಗಿದರೆ ಕುರ್ಚಿ ಬಿಡಬೇಕು, ಅಷ್ಟು ಹೊತ್ತು ಕೂತದ್ದು ದಂಡ. ದುಡ್ಡಿಲ್ಲದಿದ್ದರೂ ಸೋಲಿಗೆ ಒಂದು ಬೆಲೆ ಇರುವುದರಿಂದ ಆಟ ನಿಜವಾದ ಪೋಕರ್‌ಗೆ ಹತ್ತಿರವಾಗಿರುತ್ತದೆ.

ಹಣವಿಲ್ಲದ ಆಟವೂ ಕೆಲವರಿಗೆ ಬಿಡಲಾಗದ ಗೀಳಾಗುತ್ತದೆ. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೆ ಸಿಕ್ಕಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಕ್ಲಿನಿಕ್ ನಡೆಸುತ್ತಿದೆ. ಗೀಳಿಗೆ ಬೀಳದೆ ಕಲಿಯಲೆಂದೇ ಕೂರುವವರು ಬಳಸಬೇಕಾದ ಸೌಲಭ್ಯವೊಂದು ಅನೇಕ ಆ್ಯಪ್‌ಗಳಲ್ಲಿದೆ: ಹ್ಯಾಂಡ್ ಹಿಸ್ಟರಿ. ಆಡಿದ ಪ್ರತಿ ಕೈಯೂ ಅದರಲ್ಲಿ ದಾಖಲಾಗಿರುತ್ತದೆ. ಒಂದು ಸಿಟ್ ಅಂಡ್ ಗೋ ಮುಗಿದ ಮೇಲೆ ಮುಂದಿನದಕ್ಕೆ ಸೇರುವ ಮೊದಲು ಅದನ್ನು ತೆರೆದು, ಹೊರಬಿದ್ದ ಕೈಯನ್ನೂ ಅದಕ್ಕೆ ಮುಂಚಿನ ನಾಲ್ಕೈದು ಕೈಗಳನ್ನೂ ನೋಡಿದರೆ, ಚಿಪ್ ಕರಗಿದ್ದು ಕೊನೆಯ ದುರದೃಷ್ಟದಿಂದಲೋ ಅದಕ್ಕೂ ಮೊದಲು ಸುಮ್ಮನೆ ಎದುರಾಳಿಯಷ್ಟೇ ಚಿಪ್ ಇಟ್ಟು ಮುಂದುವರಿದ ಸಣ್ಣಪುಟ್ಟ ಪಣಗಳಿಂದಲೋ ಎಂಬುದು ಗೊತ್ತಾಗುತ್ತದೆ.