ಹೊಸ ಸೈಕಲ್ಲೋ, ಹೊಸ ಟೈರೋ?

15 ಕಿಲೋಗ್ರಾಂ ತೂಗುವ ನನ್ನ ಸೈಕಲ್ಲನ್ನು ಮಾರಿ, 10 ಕಿಲೋಗ್ರಾಮಿನ ರೋಡ್ ಸೈಕಲ್ಲು ಕೊಳ್ಳುವ ಆಸೆ ನನಗಿದ್ದಿತು. ಆದರೆ ಕೈಯಲ್ಲಿದ್ದುದು ಮುಂದಿನ ವರ್ಷದ ಹಾಸ್ಟೆಲ್ ಖರ್ಚಿನ ಹಣ. ಕೊಳ್ಳುವ ಮುನ್ನ ಲೆಕ್ಕ ಹಾಕಿದೆನು.

ನನ್ನ ತೂಕ 60. ಸೈಕಲ್ಲು ಸೇರಿ 75. ಉಳಿಯುವ 5 ಕಿಲೋಗ್ರಾಂ ಎಂದರೆ ಹದಿನೈದರಲ್ಲೊಂದು ಪಾಲು. ಕಡಿದಾದ ಏರಿನಲ್ಲಿ ಶ್ರಮವೂ ಹೆಚ್ಚುಕಡಿಮೆ ಅಷ್ಟೇ ತಗ್ಗುವುದು. ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ, ನಮ್ಮನ್ನು ತಡೆಯುವುದು ಮುಖ್ಯವಾಗಿ ಗಾಳಿ. ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿ. ಅದಕ್ಕೆ ಹೆಚ್ಚಾಗಿ ಎದುರಾಗುವುದು ಸವಾರನ ಮೈಯೇ ಹೊರತು ಸೈಕಲ್ಲಲ್ಲ. ಬಾಗಿ ಕುಳಿತರಾಯಿತು, ಕಾಸು ಬೇಡ. ಉಳಿದ ತಡೆಯಲ್ಲಿ ದೊಡ್ಡ ಪಾಲು ಟೈರಿನದು.

ಆದುದರಿಂದ ಚೆನ್ನಾಗಿ ಉರುಳುವ ಟೈರುಗಳನ್ನಷ್ಟೇ ಹಾಕಿಸಿದೆನು. ಹಾಸ್ಟೆಲಿನ ಹಣ ಉಳಿಯಿತು. ದಿನವೂ ಘಟ್ಟ ಹತ್ತುವ ಮಿತ್ರರ ಲೆಕ್ಕ ಬೇರೆಯಾದೀತು.