ಕೆನಡಾಕ್ಕೆ ಬಂದಿಳಿದ ಮೇಲೆ

ಊರಲ್ಲಿ ಮನೆ ಸಾಲ ಪೂರ್ತಿ ತೀರಿಸಿದೋರಿಗೆ
ಕೆನಡಾದಲ್ಲಿ ಒಂದು ಬಾಡಿಗೆ ಮನೆ ಸಿಗೋದು
ಯಾಕಿಷ್ಟು ಕಷ್ಟ?

ಯಾಕಂದ್ರೆ ನಿಮ್ಮ ಸಿಬಿಲ್ ಸ್ಕೋರ್
ವಿಮಾನ ಹತ್ತಿ ನಿಮ್ಮ ಜೊತೆ ಬರಲ್ಲ.

ಹೊಸ ಊರಿನ ಕಿರಾಣಿ ಅಂಗಡಿಯವನು
ಮೊದಲ ದಿನವೇ ಉದ್ರಿ ಕೊಡ್ತಾನಾ?
ನಿಮ್ಮ ಮುಖ ಪರಿಚಯ ಆಗ್ಬೇಕು.
ಇಲ್ಲಿ ಬ್ಯಾಂಕೂ, ಸ್ಕೋರ್ ನೋಡೋ ಮನೆ ಮಾಲೀಕರೂ ಹಾಗೇ.

ಮೊದಲು ಸಿನ್ ನಂಬರ್ ಮಾಡಿಸಿ.
ಒಂಬತ್ತು ಅಂಕಿ. ಅದಿಲ್ಲದೆ ಕೆಲಸಕ್ಕೆ ಸೇರೋ ಹಾಗಿಲ್ಲ.
ಆಮೇಲೆ ಒಂದು ಕ್ರೆಡಿಟ್ ಕಾರ್ಡ್.
ಲಿಮಿಟ್‌ನ 30 ಪರ್ಸೆಂಟ್ ಒಳಗೇ ಬಳಸಿ,
ಬಿಲ್ ಗಡುವು ಮೀರಬೇಡಿ.
ಸ್ಕೋರ್ ನಿಧಾನಕ್ಕೆ ಏರುತ್ತೆ.

ಮಕ್ಕಳ ಸ್ಕೂಲು?
ಇದು ಸುಲಭ, ನಿಜವಾಗ್ಲೂ!
ಸರ್ಕಾರಿ ಶಾಲೆಗೆ ಡೊನೇಷನ್ ಇಲ್ಲ, ಇಂಟರ್‌ವ್ಯೂ ಇಲ್ಲ.
ಸಾಮಾನ್ಯವಾಗಿ ಮನೆ ವಿಳಾಸ ನೋಡಿ ಶಾಲೆ.
ಹುಟ್ಟಿದ ವರ್ಷ ನೋಡಿ ತರಗತಿ.

ಕಷ್ಟ ಇರೋದು ಜನವರಿ ಬೆಳಿಗ್ಗೆ.
ಹಿಮ ಬಿದ್ದಿದ್ರೂ ಮಕ್ಕಳನ್ನ ಆಟಕ್ಕೆ ಹೊರಗೆ ಬಿಡ್ತಾರೆ.
ಮೊದಲು ಸ್ನೋ ಪ್ಯಾಂಟು.
ಆಮೇಲೆ ಬೂಟು, ಜಾಕೆಟ್ಟು, ಟೋಪಿ.
ಗ್ಲೌಸ್ ಕೊನೆಗೆ!
ಮೊದಲೇ ಹಾಕ್ಕೊಂಡ್ರೆ
ಜಿಪ್ ಎಳೆಯೋದು ಯಾರು?
ಎಲ್ಲಾ ಮುಗೀತು ಅನ್ನೋವಾಗ
"ಅಮ್ಮಾ, ಸುಸ್ಸು" ಅನ್ನುತ್ತೆ ಮಗು.

ಕಾರು ಓಡಿಸ್ತೀರಾ?
ಒಂಟಾರಿಯೊದಲ್ಲಿ ನೆಲೆಸಿದ್ರೆ
ಊರಿನ ಲೈಸೆನ್ಸ್ 60 ದಿನ ಮಾತ್ರ ನಡೆಯುತ್ತೆ.

ಒಂಟಾರಿಯೊದಲ್ಲಿ ಹೆಲ್ತ್ ಕಾರ್ಡ್‌ಗೆ ಇದ್ದ ಮೂರು ತಿಂಗಳ ಕಾಯುವಿಕೆ
2020ರಲ್ಲೇ ಹೋಯ್ತು.
ಡಾಕ್ಟರ್ ಫೀಸು ಸರ್ಕಾರದ್ದು.
ಹಲ್ಲಿನ ಕ್ಲಿನಿಕ್ಕಿನ ಖರ್ಚು ಮಾತ್ರ ಅದರಲ್ಲಿ ಬರಲ್ಲ.
ಹುಳುಕು ಹಲ್ಲಿದ್ರೆ
ಊರಲ್ಲೇ ತೋರಿಸ್ಕೊಂಡು ವಿಮಾನ ಹತ್ತಿ.